ಕೊನೆಯ ಮಾತನ್ನು ಒಂಟಿಯಾಗಿ ಕೇಳಬೇಡಿ

2010ರ ಮೇ 22ರ ಬೆಳಗ್ಗೆ ಆರು ಗಂಟೆ ದಾಟುತ್ತಿದ್ದಾಗ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿದರು. ಆ ವಿಮಾನದ ಕಾಕ್‌ಪಿಟ್‌ನಲ್ಲಿ ದಾಖಲಾದ ಮಾತುಗಳು ತನಿಖಾ ವರದಿಯ ಮೂಲಕ ಇಂದು ಪೈಲಟ್‌ಗಳಿಗೆ ಪಾಠವಾಗಿವೆ. ಇಂಥ ಧ್ವನಿಮುದ್ರಿಕೆಗಳನ್ನು ಕೇಳಿದಾಗ, ಓದಿದಾಗ ಮನಸ್ಸಿಗೆ ಏನಾಗುತ್ತದೆ ಎಂಬ ಬಗ್ಗೆ ಉಡುಪಿ ಸುತ್ತಮುತ್ತಲಿನ ಓದುಗರು ಕಳಿಸಿದ ಪತ್ರಗಳಿಗೆ, ಪೈಲಟ್‌ಗಳಿಗೆ ತರಬೇತಿ ಕೊಟ್ಟ ನಿವೃತ್ತ ಕ್ಯಾಪ್ಟನ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಗ ಕೋ-ಪೈಲಟ್ ಆಗಿ ಸೇರಿ ವರ್ಷ ಆಗಿಲ್ಲ. ಯಾವುದೋ ತರಬೇತಿಯಲ್ಲಿ ಮಂಗಳೂರು ದುರಂತದ ಕೊನೆಯ ಮಾತುಕತೆ ಓದಿಸಿದರಂತೆ. ರಜೆಗೆ ಬಂದವನು ಸರಿಯಾಗಿ ಊಟ ಮಾಡಲಿಲ್ಲ. ನಡುರಾತ್ರಿ ಎದ್ದು ಚಾವಡಿಯಲ್ಲಿ ಕೂತಿದ್ದ. ಕೇಳಿದರೆ, 'ಏನಿಲ್ಲ ಅಮ್ಮ, ಅವರು ನನ್ನ ಹಾಗೇ ಮಾತಾಡಿದ್ದಾರೆ' ಅಂದ. ಅವನಿಗೆ ಭಯ ಹೊಕ್ಕಿದೆಯೇ? ಕೆಲಸ ಬಿಡಿಸಬೇಕೇ?
– ಒಬ್ಬ ತಾಯಿ, ಕಾರ್ಕಳ

ಉತ್ತರ: ಅಮ್ಮಾ, ಕೆಲಸ ಬಿಡಿಸುವ ಮಾತು ಈಗ ಬೇಡ. ಮಗ ನಿಮಗೆ ಹೇಳಿದ ಆ ಒಂದು ವಾಕ್ಯದಲ್ಲಿ ಎಲ್ಲವೂ ಇದೆ.

ಅವನು ಓದಿದ ಮಾತುಕತೆಯ ಪ್ರತಿ ಹೇಗಿರುತ್ತದೆ ಎಂದು ಹೇಳುತ್ತೇನೆ. ಎಡಗಡೆ ಗಂಟೆ, ನಿಮಿಷ, ಸೆಕೆಂಡು. ಪಕ್ಕದಲ್ಲಿ ಮಾತಾಡಿದವರು ಯಾರು ಎಂಬ ಗುರುತು. ಆಮೇಲೆ ಮಾತು. ಮಾತಲ್ಲದ ಸದ್ದುಗಳನ್ನೂ ಬರೆದಿರುತ್ತಾರೆ: ಲಿವರ್ ಎಳೆದ ಸದ್ದು, ಎಚ್ಚರಿಕೆಯ ಗಂಟೆ, ಕೆಮ್ಮು, ಭಾರವಾದ ಉಸಿರು. ಹೆಚ್ಚಿನ ಸಾಲುಗಳು ದಿನನಿತ್ಯದವು. ಫ್ಲ್ಯಾಪ್ಸ್ ಇಷ್ಟು, ಗೇರ್ ಡೌನ್, ಚೆಕ್‌ಲಿಸ್ಟ್ ಆಯಿತು. ನಿಮ್ಮ ಮಗ ಹಿಂದಿನ ದಿನವಷ್ಟೇ ಆಡಿದ ಮಾತುಗಳು ಇವು. ಹೊರಗಿನವರು ಓದಿದರೆ ಕೊನೆಯ ಸಾಲಿಗೆ ಬೆಚ್ಚುತ್ತಾರೆ. ಪೈಲಟ್‌ನ ಎದೆ ಹಿಂಡುವುದು ಅದಕ್ಕೂ ಹತ್ತು ನಿಮಿಷ ಮೊದಲಿನ ಸಾಲಿನಲ್ಲಿ, ಇನ್ನೂ ಎಲ್ಲವನ್ನೂ ಸರಿಪಡಿಸಲು ಸಮಯ ಇರುವಾಗ. ತರಗತಿಯಲ್ಲಿ ಓದುತ್ತಾ ಇದ್ದ ಹಾಗೇ, ಮೇಜಿನ ಮೇಲಿದ್ದ ಕೈ ಥ್ರಾಟಲ್ ತಳ್ಳುವಂತೆ ಮುಂದಕ್ಕೆ ಸರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಕೈಗೆ ತಾನು ಸರಿದದ್ದೇ ಗೊತ್ತಿರುವುದಿಲ್ಲ.

ಓದಿ ಮುಗಿದ ಮೇಲೆ ಕೆಲವರು ಸಿಟ್ಟಾಗುತ್ತಾರೆ. ಕೆಲವರು ಬಾಯಿ ಬಿಡುವುದಿಲ್ಲ. ಕೆಲವರು ತಕ್ಷಣ 'ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ' ಎನ್ನುತ್ತಾರೆ. ತರಬೇತುದಾರನಾಗಿ ನನಗೆ ಹೆಚ್ಚು ಚಿಂತೆಯಾಗುವುದು ಈ ಮೂರನೆಯವರದು. ಸತ್ತವರಿಂದ ದೂರ ನಿಂತವರಿಗೆ ಆ ಪಾಠ ತಾಗುವುದೇ ಇಲ್ಲ. ನಿಮ್ಮ ಮಗನಿಗೆ ತಾಗಿದೆ. ಅವನಿಗೀಗ ಬೇಕಾಗಿರುವುದು ಅದನ್ನು ಹೇಳಿಕೊಳ್ಳಲು ಒಬ್ಬ ಜನ.

'ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ' ಎಂದು ಹೇಳಬೇಡಿ. 'ಏನು ಓದಿದೆ, ನನಗೆ ಅರ್ಥ ಆಗುವ ಹಾಗೆ ಹೇಳು' ಎನ್ನಿ. ಅವನು ಬಿಡಿಸಿ ಹೇಳುತ್ತಾ ಹೋದರೆ ಅರ್ಧ ಭಾರ ಇಳಿಯುತ್ತದೆ. ಕೆಲವು ದಿನ ನಿದ್ದೆ ಕೆಡುವುದು, ಅದೇ ದೃಶ್ಯ ಕಣ್ಣಿಗೆ ಬರುವುದು ಸಹಜ. ಮೂರು ನಾಲ್ಕು ವಾರ ಕಳೆದರೂ ಕಡಿಮೆಯಾಗದಿದ್ದರೆ, ಡ್ಯೂಟಿಗೆ ಹೋಗಲು ಹಿಂಜರಿದರೆ, ಮದ್ಯದ ಮೊರೆ ಹೋದರೆ ಮಾತ್ರ ಮನೋವೈದ್ಯರನ್ನು ಕಾಣಲೇಬೇಕು.

ಪ್ರಶ್ನೆ: ನಾನೂ ಫಸ್ಟ್ ಆಫೀಸರ್. ಮಂಗಳೂರಿನ ಕೋ-ಪೈಲಟ್ ಮೂರು ಸಲ 'ಗೋ ಅರೌಂಡ್' (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ) ಅಂದರು. ಕ್ಯಾಪ್ಟನ್ ಕೇಳಲಿಲ್ಲ. ಅವರು ಕಂಟ್ರೋಲ್ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಸಿಟ್ಟು ಬರುತ್ತದೆ. ಮರುಕ್ಷಣ, ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆನೇ ಎಂದು ಕೈಕಾಲು ತಣ್ಣಗಾಗುತ್ತದೆ. ಈ ಯೋಚನೆ ಬಿಡುತ್ತಲೇ ಇಲ್ಲ.
– ಹೆಸರು ಬೇಡ, ಉಡುಪಿ

ಉತ್ತರ: ಈ ಯೋಚನೆ ಬಿಡಬಾರದು. ಆದರೆ ಅದು ರಾತ್ರಿಯ ಚಿಂತೆಯಾಗಿ ಉಳಿಯದೆ ಹಗಲಿನ ಅಭ್ಯಾಸವಾಗಬೇಕು.

ಮೊದಲು ಆ ಕೊನೆಯ ನಿಮಿಷಗಳನ್ನು ಸರಿಯಾಗಿ ನೋಡೋಣ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ಸಮಿತಿಯ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಧ್ವನಿಮುದ್ರಿಕೆ ಎರಡು ಗಂಟೆ ಐದು ನಿಮಿಷದ್ದು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಝ್ಲಾಟ್ಕೊ ಗ್ಲುಸಿಕಾ ನಿದ್ದೆಯಲ್ಲಿದ್ದರು, ಗೊರಕೆಯೂ ಕೇಳುತ್ತದೆ. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಕೆಳಗಿಳಿಯಲು ಶುರು ಮಾಡಿದ್ದೇ ತಡವಾಯಿತು. ರನ್‌ವೇ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿಯಲ್ಲಿ, 160 ನಾಟ್‌ಗೂ ಹೆಚ್ಚು ವೇಗದಲ್ಲಿ. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಆದಮೇಲೆ. ನೆಲ ಮುಟ್ಟಿ ಬ್ರೇಕ್ ಹಾಕಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಲು ಪ್ರಯತ್ನಿಸಿದರು. ಅದಕ್ಕೆ ಬೇಕಾದಷ್ಟು ರನ್‌ವೇ ಇರಲಿಲ್ಲ.

ಫಸ್ಟ್ ಆಫೀಸರ್ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ ತಪ್ಪನ್ನು ಕಂಡರು, ಹೇಳಿದರು, ಮತ್ತೆ ಹೇಳಿದರು. ಎಚ್ಚರಿಕೆಯ ಯಂತ್ರವೂ 'ಸಿಂಕ್ ರೇಟ್' (ಇಳಿಯುವ ವೇಗ ಹೆಚ್ಚಾಗಿದೆ), 'ಪುಲ್ ಅಪ್' (ಮೇಲೆತ್ತಿ) ಎಂದು ಕೂಗುತ್ತಿತ್ತು. ನೀವು ಸಿಟ್ಟಾಗುವ ಪ್ರಶ್ನೆಗೂ ವರದಿಯಲ್ಲಿ ಉತ್ತರವಿದೆ. ಕೋ-ಪೈಲಟ್ ತಾನಾಗಿ ಗೋ ಅರೌಂಡ್ ಮಾಡಬಹುದೇ ಎಂಬ ಬಗ್ಗೆ ಆಗ ಇದ್ದ ಸೂಚನೆಗಳೇ ಗೊಂದಲದ್ದಾಗಿದ್ದವು. ಪ್ರಾಯಶಃ ಅದರಿಂದಲೇ ಅವರು ಕೂಗಿ ಹೇಳಿದರೂ ಕೈ ಹಾಕಲಿಲ್ಲ ಎಂದು ಸಮಿತಿ ಬರೆಯಿತು. ನಿಯಮ ಬರೆದವರು ಬಿಟ್ಟ ಸಂದು ಒಬ್ಬ ಮನುಷ್ಯನ ಪಾಲಿಗೆ ಕೆಲವೇ ಸೆಕೆಂಡುಗಳಾಗಿ ಬಂತು. ಇಷ್ಟು ತಿಳಿದ ಮೇಲೆ ಅವರ ಮೇಲೆ ಸಿಟ್ಟು ಉಳಿಯುವುದಿಲ್ಲ. ಉಳಿದರೆ ಆ ಸಂದಿನ ಮೇಲೆ ಉಳಿಯಲಿ.

ಹಿರಿಯರ ಎದುರು ಕಿರಿಯರ ಮಾತು ಸಣ್ಣದಾಗುವ ಕಥೆ ಹಳೆಯದು. 1977ರ ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತ ದಿನ, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಖಡಾಖಂಡಿತವಾಗಿ ಹೌದೆಂದರು, ಮಾತು ಅಲ್ಲಿಗೇ ನಿಂತಿತು. ಮರುವರ್ಷ ಪೋರ್ಟ್‌ಲ್ಯಾಂಡ್‌ನಲ್ಲಿ ಇಂಧನ ಮುಗಿದು ವಿಮಾನ ಬಿದ್ದಾಗಲೂ ಎಚ್ಚರಿಸಿದ ಮಾತು ಗಟ್ಟಿಯಾಗಿರಲಿಲ್ಲ. ಈ ಧ್ವನಿಗಳನ್ನು ಕೇಳಿದ ಮೇಲೆಯೇ ಸಿ.ಆರ್.ಎಂ. ತರಬೇತಿ, ಅಂದರೆ ಕಾಕ್‌ಪಿಟ್‌ನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವಂತೆ ಮಾಡುವ ತರಬೇತಿ ಹುಟ್ಟಿತು. ನಮ್ಮ ಮಲ್ಪೆಯ ದೋಣಿಗಳನ್ನು ನೋಡಿ. ದೋಣಿ ನಡೆಸುವ ತಾಂಡೇಲ ಎಷ್ಟೇ ಹಿರಿಯನಿರಲಿ, ಮುಂದೆ ಕಲ್ಲು ಕಂಡವನು, ಅವನು ಮೊದಲ ವರ್ಷದ ಹುಡುಗನೇ ಆಗಿರಲಿ, ಕೂಗುತ್ತಾನೆ. ಅದನ್ನು ಯಾರೂ ಅಧಿಕಪ್ರಸಂಗ ಎನ್ನುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ನಾಲ್ಕು ಮೆಟ್ಟಿಲುಗಳನ್ನು ಬಾಯಿಪಾಠ ಮಾಡಿ. ಮೊದಲು ಕೇಳುವುದು: 'ಕ್ಯಾಪ್ಟನ್, ಎತ್ತರ ಜಾಸ್ತಿ ಇದೆಯಲ್ಲವೇ?' ಎರಡನೆಯದು ಅಂಕಿ ಹೇಳಿ ಎಚ್ಚರಿಸುವುದು. ಮೂರನೆಯದು 'ಗೋ ಅರೌಂಡ್' ಎಂದು ನೇರ ಹೇಳುವುದು. ಉತ್ತರವೂ ಇಲ್ಲ, ಕ್ರಮವೂ ಇಲ್ಲ ಎಂದಾದರೆ ನಾಲ್ಕನೆಯದು: 'ಐ ಹ್ಯಾವ್ ಕಂಟ್ರೋಲ್', ಮತ್ತು ಕೈ. ಈ ವಾಕ್ಯವನ್ನು ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಕೋಣೆಯಲ್ಲಿ ಒಬ್ಬರೇ ಇರುವಾಗ ಗಟ್ಟಿಯಾಗಿ ಹೇಳಿ ನೋಡಿ. ಮೊದಲ ಸಲ ನಾಚಿಕೆಯಾಗುತ್ತದೆ. ಸಿಮ್ಯುಲೇಟರ್‌ನಲ್ಲಿ ಸಿಕ್ಕ ಅವಕಾಶವನ್ನೆಲ್ಲ ಬಳಸಿಕೊಳ್ಳಿ. ನಿಮ್ಮ ಸಂಸ್ಥೆಯ ಕೈಪಿಡಿಯಲ್ಲಿ ಈ ವಿಷಯಕ್ಕೆ ಏನು ಬರೆದಿದೆ ಎಂದು ಇವತ್ತೇ ತೆಗೆದು ಓದಿ. ಮುಂದೆ ಕ್ಯಾಪ್ಟನ್ ಆದಾಗ, ಹಾರುವ ಮೊದಲು ಪಕ್ಕದವರಿಗೆ ಹೇಳಿ: 'ನಾನು ತಪ್ಪಿದರೆ ಹೇಳಿ. ಕೇಳದಿದ್ದರೆ ತೆಗೆದುಕೊಳ್ಳಿ.'

ಪ್ರಶ್ನೆ: ನಮ್ಮ ಹತ್ತಿರದ ಬಂಧು ಆ ವಿಮಾನದಲ್ಲಿದ್ದರು. ಕ್ಯಾಪ್ಟನ್ ಗೊರಕೆ ಹೊಡೆಯುತ್ತಿದ್ದರಂತೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ಹೊಟ್ಟೆ ಉರಿಯುತ್ತದೆ. ಆ ಟೇಪನ್ನು ನಾವು ಒಮ್ಮೆ ಕೇಳಬೇಕು. ಮನೆಯವರಿಗೂ ಯಾಕೆ ಕೊಡುವುದಿಲ್ಲ?
– ಒಬ್ಬ ಓದುಗರು, ಕಾಪು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಕಡಿಮೆ ಮಾಡಿಕೊಳ್ಳಿ ಎಂದು ಹೇಳುವ ಹಕ್ಕು ನನಗಿಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ಕಾಕ್‌ಪಿಟ್‌ನ ಧ್ವನಿಯನ್ನು ತನಿಖೆಗೆ ಮಾತ್ರ ಬಳಸಬೇಕು. ವರದಿಗೆ ಅಗತ್ಯವಿದ್ದಷ್ಟನ್ನು ಬರಹದಲ್ಲಿ ಕೊಡಬಹುದು. ನಿಮಗೆ ಬೇಕಾದ ವಿಷಯ ಆ ಬರಹದಲ್ಲಿದೆ. ಧ್ವನಿಯಲ್ಲಿ ಹೆಚ್ಚಿಗೆ ಇರುವುದು ಸಂಕಟ ಮಾತ್ರ. ನಿಮ್ಮ ಬಂಧುವಿನ ದನಿಯೂ ಅದರಲ್ಲಿ ಸಿಗುವುದಿಲ್ಲ. ಮೈಕುಗಳು ಇರುವುದು ಕಾಕ್‌ಪಿಟ್‌ನಲ್ಲಿ. ತನಿಖೆಯಲ್ಲಿ ಕೂಡ ಅದನ್ನು ಒಬ್ಬರೇ ಕೂತು ಕೇಳುವುದಿಲ್ಲ. ಒಂದು ತಂಡ ಬಾಗಿಲು ಮುಚ್ಚಿ ಕೂರುತ್ತದೆ. ದನಿ ಗುರುತಿಸಲು ಸತ್ತವರನ್ನು ಬಲ್ಲ ಸಹೋದ್ಯೋಗಿಯನ್ನು ಕರೆಯುವುದೂ ಉಂಟು. ಒಂದೇ ತುಣುಕನ್ನು ಮತ್ತೆ ಮತ್ತೆ ಹಾಕಿ, ಎಲ್ಲರೂ ಒಪ್ಪಿದ ಮೇಲೆ ಒಂದು ಸಾಲು ಬರೆಯುತ್ತಾರೆ. ಅದು ಬಹಳ ಕಷ್ಟದ ಕೆಲಸ.

ಗೊರಕೆಯ ಬಗ್ಗೆ ಇನ್ನೊಂದು ಮಾತು. ಮಧ್ಯರಾತ್ರಿ ಕಳೆದು ಹೊರಟು ಬೆಳಗಿನ ಜಾವ ಇಳಿಯುವ ಹಾರಾಟ ಅದು. ದೇಹ ಅತಿ ಹೆಚ್ಚು ನಿದ್ದೆ ಬೇಡುವ ಹೊತ್ತು. ದೀರ್ಘ ನಿದ್ದೆಯಿಂದ ಎದ್ದವರ ತೀರ್ಮಾನ ಶಕ್ತಿ ಸ್ವಲ್ಪ ಹೊತ್ತು ಮಂಕಾಗಿರುತ್ತದೆ, ಇಲ್ಲಿ ಅದೂ ಕಾರಣವಾಗಿರಬಹುದು ಎಂದು ಸಮಿತಿ ಹೇಳಿದೆ. ಇಳಿಯುವುದನ್ನು ಕೈಬಿಡದೇ ಇದ್ದದ್ದು ಕ್ಯಾಪ್ಟನ್ ಅವರ ತಪ್ಪು ಎಂದು ವರದಿ ಸ್ಪಷ್ಟವಾಗಿಯೇ ಬರೆದಿದೆ. ಜತೆಗೆ ನಿದ್ದೆ, ರೇಡಾರ್, ಗೊಂದಲದ ಸೂಚನೆ ಎಲ್ಲವನ್ನೂ ದಾಖಲಿಸಿದೆ. ಇವುಗಳಲ್ಲಿ ಒಂದೊಂದನ್ನೂ ಮನುಷ್ಯರು ಸರಿಪಡಿಸಬಹುದು. ನಿಮ್ಮ ಸಿಟ್ಟನ್ನು ಆ ಕಡೆಗೆ ತಿರುಗಿಸಿ. ರಾತ್ರಿಪಾಳಿಯ ಪೈಲಟ್‌ಗಳ ವಿಶ್ರಾಂತಿಯ ನಿಯಮ ಸಡಿಲವಾಗುತ್ತಿದೆ ಎಂದು ಸುದ್ದಿ ಬಂದಾಗ ಪ್ರಶ್ನಿಸುವ ಅಧಿಕಾರ ನಿಮ್ಮಂಥವರಿಗೆ ಎಲ್ಲರಿಗಿಂತ ಹೆಚ್ಚು.

ಪ್ರಶ್ನೆ: ವಿಮಾನ ದುರಂತಗಳ ಕಾಕ್‌ಪಿಟ್ ಆಡಿಯೋ ಎಂದು ಹಾಕಿದ ವಿಡಿಯೋಗಳನ್ನು ಹಾಸ್ಟೆಲ್‌ನಲ್ಲಿ ನಾವೆಲ್ಲ ನೋಡುತ್ತೇವೆ. ಇದು ತಪ್ಪೇ? ಜನರಿಗೆ ಸತ್ಯ ತಿಳಿಯಬೇಡವೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಸತ್ಯ ತಿಳಿಯಲೇಬೇಕು. ಕಾಕ್‌ಪಿಟ್ ಧ್ವನಿಮುದ್ರಕ ಹುಟ್ಟಿದ್ದೇ ಅದಕ್ಕೆ. ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ವಾರನ್ 1950ರ ದಶಕದಲ್ಲಿ ಕಾಕ್‌ಪಿಟ್‌ನ ಮಾತನ್ನು ದಾಖಲಿಸುವ ಯಂತ್ರವನ್ನು ಮಾಡಿದರು. ಅವರು ಚಿಕ್ಕವರಿರುವಾಗಲೇ, 1934ರಲ್ಲಿ, ತಂದೆ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ಯಂತ್ರದ ಹೆಸರು ಬ್ಲ್ಯಾಕ್ ಬಾಕ್ಸ್ ಆದರೂ ಬಣ್ಣ ಕಿತ್ತಳೆ, ಅವಶೇಷಗಳ ನಡುವೆ ಬೇಗ ಕಾಣಲಿ ಎಂದು. 1,100 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಒಂದು ಗಂಟೆ ಉಳಿಯುವಂತೆ ಅದನ್ನು ಪರೀಕ್ಷಿಸುತ್ತಾರೆ. ಮೊದಲು ಅರ್ಧ ಗಂಟೆಯ ಮಾತು ಉಳಿಯುತ್ತಿತ್ತು, ಆಮೇಲೆ ಎರಡು ಗಂಟೆ, ಈಗ ಹೊಸ ದೊಡ್ಡ ವಿಮಾನಗಳಿಗೆ 25 ಗಂಟೆಯ ನಿಯಮ ಬಂದಿದೆ. ಎಂಜಿನಿಯರ್ ಆಗುವವರಿಗೆ ಕಲಿಯಲು ಇಲ್ಲಿ ಎಷ್ಟೋ ಇದೆ.

ಧ್ವನಿಯನ್ನು ಬಚ್ಚಿಡುವುದಕ್ಕೆ ಕಾರಣವಿದೆ. ತಾನು ದಿನವಿಡೀ ಆಡುವ ಮಾತು ನಾಳೆ ಟಿ.ವಿ.ಯಲ್ಲಿ ಬರಬಹುದು ಎಂದು ತಿಳಿದ ಪೈಲಟ್ ಮುಕ್ತವಾಗಿ ಮಾತಾಡುವುದಿಲ್ಲ. ಅಮೆರಿಕದಲ್ಲಿ 1988ರ ಡಲ್ಲಾಸ್ ಅಪಘಾತದ ಧ್ವನಿ ಪ್ರಸಾರವಾಗಿ ದೊಡ್ಡ ವಿವಾದವಾದ ಮೇಲೆ, ತನಿಖಾ ಮಂಡಳಿ ಧ್ವನಿಯನ್ನು ಬಹಿರಂಗಪಡಿಸದಂತೆ ಕಾನೂನೇ ಬಂತು. ಈಗ ಅಲ್ಲಿ ಬರಹ ಮಾತ್ರ ಹೊರಬರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ ವಿಮಾನ ಬಾಲದ ಭಾಗ ಕಳೆದುಕೊಂಡು ಸುಮಾರು ಅರ್ಧ ಗಂಟೆ ಹಿಡಿತಕ್ಕೆ ಸಿಗದೆ ಹಾರಿ ಬೆಟ್ಟಕ್ಕೆ ಬಡಿಯಿತು. 520 ಮಂದಿ ಸತ್ತರು. ಹದಿನೈದು ವರ್ಷದ ಬಳಿಕ ಆ ಧ್ವನಿ ಜಪಾನಿನ ಟಿ.ವಿ.ಯಲ್ಲಿ ಕೇಳಿಬಂದಾಗ, ಪೈಲಟ್‌ಗಳು ಕೊನೆಯ ಕ್ಷಣದ ತನಕ ಹೋರಾಡಿದ್ದು ಜನರಿಗೆ ಅರ್ಥವಾಯಿತು. ಧ್ವನಿ ಸತ್ತವರ ಮಾನವನ್ನು ಉಳಿಸಬಲ್ಲದು ಕೂಡ.

ಹಾಗಾಗಿ ನನ್ನ ಸಲಹೆ: ಹಿನ್ನೆಲೆ ಸಂಗೀತ ಸೇರಿಸಿ, ಕೊನೆಯ ಕೂಗನ್ನಷ್ಟೇ ಕತ್ತರಿಸಿ ಹಾಕಿದ ವಿಡಿಯೋ ಬೇಡ. ಅದರಲ್ಲಿ ಕಲಿಯಲು ಏನೂ ಇರುವುದಿಲ್ಲ, ಅನೇಕ ಸಲ ನಟರ ದನಿಯೂ ಇರುತ್ತದೆ. ವರದಿ ತೆಗೆದು ನಾಲ್ಕು ಮಂದಿ ಗೆಳೆಯರು ಕೂತು ಓದಿ. ಅಯೋವಾದ ಸೂ ಸಿಟಿಯ 1989ರ ಅಪಘಾತದಿಂದ ಶುರುಮಾಡಿ. ನಿಯಂತ್ರಣವೆಲ್ಲ ಕಳೆದುಕೊಂಡ ವಿಮಾನವನ್ನು ಕ್ಯಾಪ್ಟನ್ ಅಲ್ ಹೇನ್ಸ್ ಮತ್ತು ಸಂಗಡಿಗರು ಎಂಜಿನ್‌ಗಳ ಶಕ್ತಿ ಹೆಚ್ಚು ಕಡಿಮೆ ಮಾಡಿಯೇ ರನ್‌ವೇ ತನಕ ತಂದರು. 112 ಮಂದಿ ಸತ್ತರು, 184 ಮಂದಿ ಉಳಿದರು. ಆ ಮಾತುಕತೆಯಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ, ಪ್ರತಿಯೊಬ್ಬರೂ ಕೇಳಿಸಿಕೊಳ್ಳುತ್ತಾರೆ. ಮಂಗಳೂರಿನ ವರದಿಯನ್ನು ಅದರ ಪಕ್ಕದಲ್ಲಿಟ್ಟು ಓದಿದರೆ ಕಾಕ್‌ಪಿಟ್‌ನಲ್ಲಿ ಮಾತಿನ ಬೆಲೆ ಏನೆಂದು ತಿಳಿಯುತ್ತದೆ.

ಪ್ರಶ್ನೆ: ಅಹಮದಾಬಾದ್ ದುರಂತದ ಪ್ರಾಥಮಿಕ ವರದಿಯಲ್ಲಿ ಪೈಲಟ್‌ಗಳ ಒಂದು ಮಾತು ಬಂದದ್ದೇ ತಡ, ಬೀದಿ ಬೀದಿಯಲ್ಲಿ ತೀರ್ಪು ಶುರುವಾಯಿತು. ಒಂದು ವಾಕ್ಯದಿಂದ ಅಷ್ಟು ಹೇಳಲು ಸಾಧ್ಯವೇ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಸಾಧ್ಯವಿಲ್ಲ ಸರ್. 2025ರ ಜೂನ್ 12ರಂದು ಏರ್ ಇಂಡಿಯಾ ವಿಮಾನ ಬಿದ್ದು 260 ಮಂದಿ ಸತ್ತ ಆ ದುರಂತದ ಪ್ರಾಥಮಿಕ ವರದಿ ಜುಲೈಯಲ್ಲಿ ಬಂತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ 'ಕಟಾಫ್'ಗೆ ಹೋದವು. ಯಾಕೆ ಕಟ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದರು. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂದು ಆ ವರದಿ ಹೇಳಲಿಲ್ಲ. ಮಾತನ್ನು ಆಡಿದಂತೆಯೇ ಕೊಡಲಿಲ್ಲ, ಸಾರಾಂಶ ಮಾತ್ರ ಕೊಟ್ಟಿತು. ಅದರ ಹಿಂದಿನ ಮುಂದಿನ ಮಾತು, ದನಿಯ ಏರಿಳಿತ, ಸ್ವಿಚ್‌ನ ಸದ್ದು ಯಾವುದೂ ನಮ್ಮ ಮುಂದೆ ಇರಲಿಲ್ಲ. ಅಪಘಾತದ ತನಿಖೆಯ ಉದ್ದೇಶ ಇನ್ನೊಂದು ಅಪಘಾತ ತಡೆಯುವುದು, ಯಾರ ಮೇಲೆ ತಪ್ಪು ಹೊರಿಸಬೇಕೆಂದು ಹುಡುಕುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ.

ಇಂಥ ಮಾತು ಹಾರಾಡುವ ಹೊತ್ತಿನಲ್ಲಿ ಸಾವಿರಾರು ಪೈಲಟ್‌ಗಳು ಡ್ಯೂಟಿಗೆ ಹೋಗುತ್ತಿರುತ್ತಾರೆ. ಅಪಘಾತವಾಗಿ ನಾಲ್ಕು ದಿನಕ್ಕೆ, ಜೂನ್ 16ರಂದು, ಏರ್ ಇಂಡಿಯಾದ 112 ಪೈಲಟ್‌ಗಳು ಅನಾರೋಗ್ಯದ ರಜೆ ಹಾಕಿದರು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು: 51 ಕ್ಯಾಪ್ಟನ್‌ಗಳು, 61 ಫಸ್ಟ್ ಆಫೀಸರ್‌ಗಳು. ಆಗಿನ್ನೂ ವರದಿಯೂ ಬಂದಿರಲಿಲ್ಲ. ಸಹೋದ್ಯೋಗಿಯ ಸಾವೇ ಅಷ್ಟು ಭಾರವಿರುವಾಗ, ಅವರ ಕೊನೆಯ ಮಾತನ್ನು ಅಪರಿಚಿತರು ಚಹಾದಂಗಡಿಯಲ್ಲಿ ಎಳೆದಾಡಿದರೆ ಏನನ್ನಿಸುತ್ತದೆ ಎಂದು ಊಹಿಸಿ. ಸತ್ತವರು ಎದ್ದು ಬಂದು 'ನಾನು ಹೇಳಿದ್ದು ಹಾಗಲ್ಲ' ಎನ್ನಲಾರರು. ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ. ಅವರು ನಿಮ್ಮ ಮಾತು ಕೇಳುತ್ತಾರೆ.

ಪ್ರಶ್ನೆ: ನನ್ನ ಯಜಮಾನರು ಕ್ಯಾಪ್ಟನ್. ಗೆಳೆಯರೊಬ್ಬರು ಅಪಘಾತದಲ್ಲಿ ಹೋದ ಮೇಲೆ ಆ ವರದಿಯನ್ನೇ ಮತ್ತೆ ಮತ್ತೆ ಓದುತ್ತಾರೆ. ಡಾಕ್ಟರರಿಗೆ ತೋರಿಸೋಣ ಎಂದರೆ 'ಲೈಸೆನ್ಸ್ ಹೋಗುತ್ತದೆ' ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಗೃಹಿಣಿ, ಮಣಿಪಾಲ

ಉತ್ತರ: ಆ ಹೆದರಿಕೆ ನಮ್ಮ ವೃತ್ತಿಯಲ್ಲಿ ಬಹಳ ಹಳೆಯದು. ಅದರಿಂದಲೇ ಎಷ್ಟೋ ಮಂದಿ ಒಳಗೊಳಗೇ ನವೆದರು. 2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಮನೋರೋಗ ಮುಚ್ಚಿಟ್ಟಿದ್ದ ಕೋ-ಪೈಲಟ್ ಬೇಕೆಂದೇ ಬೀಳಿಸಿದ ಮೇಲೆ, ಪೈಲಟ್‌ಗಳ ಮನಸ್ಸಿನ ನೋವನ್ನು ಮುಚ್ಚಿಡುವುದೇ ಅಪಾಯ ಎಂದು ಜಗತ್ತು ಒಪ್ಪಿತು. ಯುರೋಪಿನಲ್ಲಿ ಪೈಲಟ್‌ಗೆ ಪೈಲಟ್ ನೆರವಾಗುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮ ದೇಶದಲ್ಲೂ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿ.ಜಿ.ಸಿ.ಎ. 2023ರ ಫೆಬ್ರವರಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿ ಅಂಥ ಬೆಂಬಲ ವ್ಯವಸ್ಥೆಗೆ ಸೂಚಿಸಿದೆ.

ಯಜಮಾನರು ಮೊದಲು ತಮ್ಮ ಸಂಸ್ಥೆಯ ಆ ಪೈಲಟ್ ಬೆಂಬಲ ತಂಡದೊಂದಿಗೆ ಮಾತಾಡಲಿ. ಅದೇ ಸೀಟಿನಲ್ಲಿ ಕೂತವರ ಬಳಿ ಬಾಯಿ ಬಿಡುವುದು ಸುಲಭ. ಮಾತ್ರೆ ಏನಾದರೂ ಶುರು ಮಾಡುವುದಿದ್ದರೆ ವಿಮಾನಯಾನ ವೈದ್ಯರಿಗೆ ತಿಳಿಸಿಯೇ ಮಾಡಬೇಕು. ಕೆಲವು ವಾರ ಡ್ಯೂಟಿಯಿಂದ ದೂರ ಇರಬೇಕಾಗಿ ಬರಬಹುದು, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಆದರೆ ಬೇಗ ಹೇಳಿಕೊಂಡವರು ಬೇಗ ವಾಪಸು ಹಾರುತ್ತಾರೆ. ವರ್ಷಗಟ್ಟಲೆ ಬಚ್ಚಿಟ್ಟವರದ್ದೇ ಕಷ್ಟ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯ ವಿಭಾಗ ನಿಮ್ಮ ಊರಿನಲ್ಲೇ ಇದೆ. ನಿಮಗೇ ಯಾರೊಂದಿಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಆ ವರದಿಯನ್ನು ಅವರ ಕೈಯಿಂದ ಕಸಿದುಕೊಳ್ಳಬೇಡಿ. ಗೆಳೆಯನ ಕಡೆಯ ಮಾತು ಅದರಲ್ಲಿದೆ. ಅದನ್ನು ಓದುವಾಗ ಜತೆಗೆ ಇನ್ನೊಬ್ಬ ಪೈಲಟ್ ಇರುವ ಹಾಗೆ ನೋಡಿಕೊಳ್ಳಿ. ಓದಿ ಮುಗಿದ ಮೇಲೆ 'ಇದರಿಂದ ನಾಳೆ ನಾವು ಏನನ್ನು ಬೇರೆ ರೀತಿ ಮಾಡಬೇಕು' ಎಂದು ಇಬ್ಬರೂ ಕೂತು ಒಂದು ಸಾಲು ಬರೆಯಲಿ. ನನ್ನ ತರಗತಿಗಳಲ್ಲಿ ಆ ಸಾಲು ಬರೆಯದೆ ಯಾರನ್ನೂ ಎದ್ದು ಹೋಗಲು ಬಿಡುತ್ತಿರಲಿಲ್ಲ. ಗೆಳೆಯನಿಗೆ ಅವರು ಸಲ್ಲಿಸಬಹುದಾದ ಗೌರವವೂ ಅದೇ, ಅವರ ನಿದ್ದೆ ಮರಳಿ ಬರುವ ದಾರಿಯೂ ಅದೇ.